ಒಂದೇ ಮದುವೆ, ಎರಡು ಸಾಲು

ಥಾಯ್ಲೆಂಡಿನ ಈಶಾನ್ಯದಲ್ಲಿರುವ ನೋಂಗ್ ಖಾಯ್ ಊರಿನಲ್ಲಿ ಮೆಕಾಂಗ್ ನದಿ ದಾಟಲು ಒಂದು ಸೇತುವೆಯಿದೆ. 1994ರಲ್ಲಿ ತೆರೆದ ಈ ಸ್ನೇಹ ಸೇತುವೆಯ ಆಚೆ ದಡ ಲಾವೋಸ್. ಅಲ್ಲಿನ ರಾಜಧಾನಿ ವಿಯೆಂಟಿಯಾನ್‌ನಲ್ಲಿ ವಾರಾಂತ್ಯ ಕಳೆಯಲು ದಂಪತಿಯೊಂದು ಹೊರಟಿದೆ ಎಂದಿಟ್ಟುಕೊಳ್ಳಿ. ಹೆಂಡತಿ ಥಾಯ್, ಗಂಡ ಬ್ರಿಟಿಷ್. ಹೆಂಡತಿಗೆ ವೀಸಾದ ಗೊಡವೆಯೇ ಇಲ್ಲ. ಪಾಸ್‌ಪೋರ್ಟ್ ಮನೆಯಲ್ಲೇ ಬಿಟ್ಟು ಬಂದಿದ್ದರೂ ಗಡಿ ಪಾಸ್ ಮಾಡಿಸಿಕೊಂಡು ದಾಟಿಬಿಡಬಹುದು. ಗಂಡನಾದವನು ಕಿಟಕಿಯ ಮುಂದೆ ನಿಂತು, ಫಾರಂ ತುಂಬಿ, ಫೋಟೊ ಕೊಟ್ಟು, ವೀಸಾ ಶುಲ್ಕಕ್ಕೆ ಡಾಲರ್ ಎಣಿಸಬೇಕು. ಇದಕ್ಕಿಂತ ದೊಡ್ಡ ಕುತ್ತು ಈಚೆ ದಡದಲ್ಲೇ ಕಾದಿರುತ್ತದೆ. ಹೊರಡುವ ಮುನ್ನ ಮರುಪ್ರವೇಶದ ಪರವಾನಗಿ ಮಾಡಿಸದಿದ್ದರೆ, ಥಾಯ್ಲೆಂಡಿನಲ್ಲಿ ಒಂದು ವರ್ಷ ಇರಲು ಅವನು ಪಡೆದಿದ್ದ ಅನುಮತಿ ಗಡಿ ದಾಟಿದ ಕೂಡಲೇ ರದ್ದಾಗುತ್ತದೆ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಹೋಗಿಬರಲು 3,800 ಬಾತ್. ಆ ಚೀಟಿ ಮರೆತವನು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಇದೇ ಜೋಡಿ ಲಂಡನ್ನಿನ ಹೀಥ್ರೋದಲ್ಲಿ ಇಳಿದಾಗ ಪಾತ್ರಗಳು ಅದಲುಬದಲು. ಗಂಡನಿಗೆ ಇ-ಗೇಟ್ ತಾನಾಗಿ ತೆರೆದುಕೊಳ್ಳುತ್ತದೆ. ಹೆಂಡತಿ ಅಧಿಕಾರಿಯ ಎದುರು ನಿಂತು ಏಕೆ ಬಂದೆ, ಎಲ್ಲಿರುತ್ತೀಯ, ಯಾವಾಗ ಹೊರಡುತ್ತೀಯ ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕು. ಎರಡೂ ದೇಶಗಳ ಕಾನೂನು ಇವರನ್ನು ಗಂಡಹೆಂಡತಿ ಎಂದು ಒಪ್ಪುತ್ತದೆ. ಆದರೂ ಗಡಿಯ ಕಿಟಕಿಯಲ್ಲಿ ಮದುವೆಗೆ ಸಿಗುವ ಬೆಲೆ ಅಷ್ಟಕ್ಕಷ್ಟೆ. ಅಲ್ಲಿ ನಡೆಯುವುದು ಯಾವ ಪಾಸ್‌ಪೋರ್ಟ್ ಎಂಬ ಒಂದೇ ವಿಚಾರಣೆ.

ಬ್ರಿಟಿಷ್-ಥಾಯ್ ದಾಂಪತ್ಯಗಳು ಅಪರೂಪವೇನಲ್ಲ. ಉದೋನ್ ಥಾನಿ, ಖೋನ್ ಕೇನ್‌ಗಳಂಥ ಈಸಾನ್ ಎಂಬ ಈಶಾನ್ಯ ಭಾಗದ ಊರುಗಳಲ್ಲಿ ‘ಫರಂಗ್’ (ಬಿಳಿಯ ವಿದೇಶಿ) ಅಳಿಯ ಇರುವ ಮನೆಗಳು ಬೀದಿಬೀದಿಗೂ ಸಿಗುತ್ತವೆ. ಇವರ ಕಾಗದಪತ್ರಗಳ ಅಲೆದಾಟವನ್ನು ಹತ್ತಿರದಿಂದ ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಥಾಯ್ಲೆಂಡಿನ ರಗಳೆ ಅಗ್ಗದ್ದು, ಆದರೆ ಮುಗಿಯುವುದೇ ಇಲ್ಲ. ಬ್ರಿಟನ್ನಿನ ರಗಳೆ ಜೇಬು ಬರಿದು ಮಾಡುತ್ತದೆ, ಆದರೆ ಅದಕ್ಕೊಂದು ಕೊನೆಯಿದೆ.

ಮೊದಲು ಮದುವೆಯ ಕಡತ

ಹಳ್ಳಿಯಲ್ಲಿ ಬೌದ್ಧ ಭಿಕ್ಷುಗಳು ಬಂದು ಪಠಿಸಿ, ಹಿರಿಯರು ವಧೂವರರ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ, ಊರಿಗೆಲ್ಲ ಊಟ ಹಾಕಿದರೂ ಥಾಯ್ ಕಾನೂನಿಗೆ ಅದು ಮದುವೆಯಲ್ಲ. ‘ಆಂಫೋ’ ಎಂದು ಕರೆಯುವ, ನಮ್ಮ ತಾಲ್ಲೂಕು ಕಚೇರಿಗೆ ಹತ್ತಿರವಾದ ಕಚೇರಿಯಲ್ಲಿ ನೋಂದಣಿಯಾಗಬೇಕು. ಅದಕ್ಕೆ ಮುನ್ನ ಬ್ರಿಟಿಷ್ ವ್ಯಕ್ತಿ ತನಗೆ ಮದುವೆಯಾಗಲು ಅಡ್ಡಿಯಿಲ್ಲ ಎಂಬ ಪ್ರಮಾಣವನ್ನು ಬ್ಯಾಂಕಾಕ್‌ನ ತನ್ನ ರಾಯಭಾರ ಕಚೇರಿಯಿಂದ ಪಡೆಯಬೇಕು. ಆ ಕಚೇರಿಯೇ ಈಗ ಬೇರೆಡೆ ಇದೆ. ವೈರ್‌ಲೆಸ್ ರಸ್ತೆಯಲ್ಲಿದ್ದ ವಿಶಾಲವಾದ ಹಳೆಯ ಆವರಣವನ್ನು ಬ್ರಿಟನ್ 2018ರಲ್ಲಿ ಮಾರಿ, ಸಾಥೋರ್ನ್‌ನ ಗಗನಚುಂಬಿಯೊಂದರ ಮಹಡಿಗೆ ಸ್ಥಳಾಂತರಗೊಂಡಿತು. ಪ್ರಮಾಣಪತ್ರವನ್ನು ಥಾಯ್ ಭಾಷೆಗೆ ಅನುವಾದಿಸಿ, ಚೆಂಗ್ ವತ್ಥನದಲ್ಲಿರುವ ವಿದೇಶಾಂಗ ಸಚಿವಾಲಯದ ವಿಭಾಗದಲ್ಲಿ ಮೊಹರು ಹಾಕಿಸಿ, ಆಮೇಲೆ ಆಂಫೋಗೆ. ವಧು ವಿಚ್ಛೇದಿತೆಯಾಗಿದ್ದು, ಹಿಂದಿನ ಮದುವೆ ಮುಗಿದು 310 ದಿನ ಕಳೆದಿರದಿದ್ದರೆ ಗರ್ಭಿಣಿಯಲ್ಲ ಎಂದು ವೈದ್ಯರ ಪತ್ರವನ್ನೂ ತರಬೇಕು. ಇವೆಲ್ಲ ಆದ ಮೇಲೆ ಕೈಗೆ ಸಿಗುವುದು ಎರಡು ಕಾಗದ: ‘ಕೊ ರೊ 3’ ಎಂಬ ಅಲಂಕಾರದ ಅಂಚಿನ ಪ್ರಮಾಣಪತ್ರ, ‘ಕೊ ರೊ 2’ ಎಂಬ ನೋಂದಣಿ ದಾಖಲೆಯ ಪ್ರತಿ. 2025ರ ಜನವರಿ 23ರಿಂದ ಸಲಿಂಗಿ ಜೋಡಿಗಳಿಗೂ ಇದೇ ಕಚೇರಿ, ಇವೇ ಕಾಗದಗಳು.

ಮದುವೆ ಲಂಡನ್ನಿನಲ್ಲಿ ಆಗಿದ್ದರೆ ಹಿಮ್ಮುಖ ಪ್ರಯಾಣ. ಅಲ್ಲಿನ ಪ್ರಮಾಣಪತ್ರ ಮೊಹರು, ಅನುವಾದಗಳನ್ನು ದಾಟಿ ಆಂಫೋ ಪುಸ್ತಕಕ್ಕೆ ಏರಿದಾಗ ‘ಕೊ ರೊ 22’ ಸಿಗುತ್ತದೆ. ಅದಿಲ್ಲದೆ ಥಾಯ್ಲೆಂಡಿನಲ್ಲಿ ಗಂಡನ ವಾಸದ ಅರ್ಜಿ ಮುಂದೆ ಹೋಗದು.

ಈ ಅನುವಾದದ ಹಂತದಲ್ಲೇ ಮುಂದಿನ ಅರ್ಧ ತೊಂದರೆಗಳ ಬೀಜ ಬಿದ್ದಿರುತ್ತದೆ. ಥಾಯ್ ದಾಖಲೆಗಳಲ್ಲಿ ಇಸವಿ ಬುದ್ಧ ಶಕದಲ್ಲಿರುತ್ತದೆ. ನಮ್ಮ 2025 ಅವರಿಗೆ 2568. ವ್ಯತ್ಯಾಸ 543 ವರ್ಷ. ಕಳೆಯುವಾಗ ಒಂದಂಕಿ ತಪ್ಪಿದರೆ ವಧುವಿನ ಜನ್ಮವರ್ಷ ಪಾಸ್‌ಪೋರ್ಟಿನಲ್ಲಿ ಒಂದು, ಮದುವೆ ಪತ್ರದಲ್ಲಿ ಇನ್ನೊಂದು. ಹೆಸರಿನದು ಇನ್ನೂ ಸೂಕ್ಷ್ಮ. ಥಾಯ್ ಹೆಸರನ್ನು ರೋಮನ್ ಲಿಪಿಗೆ ತರುವಾಗ ಒಬ್ಬೊಬ್ಬ ಅನುವಾದಕ ಒಂದೊಂದು ಬಗೆ. ಇದರ ಮೇಲೆ, ಶುಭವಾಗಲೆಂದು ಹೆಸರನ್ನೇ ಬದಲಿಸಿಕೊಳ್ಳುವ ರೂಢಿ ಅಲ್ಲಿ ಸಾಮಾನ್ಯ. ಹಾಗೆ ಬದಲಿಸಿಕೊಂಡವರು ಪ್ರತಿ ಬದಲಾವಣೆಯ ಪತ್ರವನ್ನೂ ಕಾಯ್ದಿಟ್ಟುಕೊಂಡಿರಬೇಕು. ಮದುವೆಯ ಬಳಿಕ ಗಂಡನ ಉಪನಾಮ ತೆಗೆದುಕೊಂಡರಂತೂ ಮನೆಯ ನೋಂದಣಿ ಪುಸ್ತಕ, ಗುರುತಿನ ಚೀಟಿ, ಪಾಸ್‌ಪೋರ್ಟ್ ಮೂರನ್ನೂ ತಿದ್ದಿಸಬೇಕು. ಹಾಗಾಗಿ ಹಲವರು ಹಳೆಯ ಹೆಸರಿನಲ್ಲೇ ಉಳಿಯುತ್ತಾರೆ. ಪ್ರೀತಿ ಕಡಿಮೆಯಾಗಿಯಲ್ಲ, ಜೆರಾಕ್ಸ್ ಕಡಿಮೆಯಾಗಲೆಂದು.

ಪೊಲೀಸರ ಮುಂದೆ ದಾಂಪತ್ಯದ ಫೋಟೊ

ಥಾಯ್ಲೆಂಡಿನಲ್ಲಿ ವಲಸೆ ಇಲಾಖೆ ಪೊಲೀಸ್ ಪಡೆಯ ಒಂದು ಅಂಗ. ಥಾಯ್ ಹೆಂಡತಿಯ ಜೊತೆ ಬಾಳಲು ಬಂದ ಬ್ರಿಟಿಷ್ ಗಂಡ ಮೊದಲು 90 ದಿನಗಳ ‘ನಾನ್-ಇಮಿಗ್ರಂಟ್ ಓ’ ವೀಸಾದಲ್ಲಿ ಬಂದು, ಆಮೇಲೆ ವರ್ಷಕ್ಕೊಮ್ಮೆ ಅವಧಿ ವಿಸ್ತರಿಸಿಕೊಳ್ಳುತ್ತಾನೆ. ಶುಲ್ಕ 1,900 ಬಾತ್. ಷರತ್ತು: ಥಾಯ್ ಬ್ಯಾಂಕಿನಲ್ಲಿ ಅವನ ಹೆಸರಲ್ಲಿ 4 ಲಕ್ಷ ಬಾತ್ ಅರ್ಜಿಗೆ ಮುನ್ನ ಎರಡು ತಿಂಗಳಿಂದ ಕುಳಿತಿರಬೇಕು, ಇಲ್ಲವೇ ತಿಂಗಳಿಗೆ 40,000 ಬಾತ್ ಆದಾಯವಿರಬೇಕು. ನಮ್ಮ ಲೆಕ್ಕದಲ್ಲಿ ಠೇವಣಿ ಹತ್ತು ಲಕ್ಷ ರೂಪಾಯಿಗೂ ಮೇಲೆ. ಹಿಂದೆ ಬ್ರಿಟಿಷ್ ರಾಯಭಾರ ಕಚೇರಿ ಆದಾಯದ ಪತ್ರವೊಂದನ್ನು ಕೊಡುತ್ತಿತ್ತು. 2019ರಿಂದ ಅದನ್ನು ನಿಲ್ಲಿಸಿತು. ಈಗ ತಿಂಗಳು ತಿಂಗಳೂ ವಿದೇಶದಿಂದ ಹಣ ಬಂದದ್ದನ್ನು ಬ್ಯಾಂಕ್ ಪುಸ್ತಕವೇ ಸಾಕ್ಷಿ ಹೇಳಬೇಕು.

ಪಿಂಚಣಿದಾರರಿಗೆ ಇದು ಎರಡು ಕಡೆಯ ಏಟು. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಥಾಯ್ಲೆಂಡಿನಲ್ಲಿ ನೆಲೆಸಿದವರಿಗೆ ವರ್ಷವರ್ಷ ಏರುವುದಿಲ್ಲ, ಹೋದಾಗ ಎಷ್ಟಿತ್ತೋ ಅಷ್ಟೇ. 2007ರ ಸುಮಾರಿಗೆ ಒಂದು ಪೌಂಡಿಗೆ 65 ಬಾತ್‌ಗೂ ಹೆಚ್ಚು ಸಿಗುತ್ತಿತ್ತು. ಈಚಿನ ವರ್ಷಗಳಲ್ಲಿ ಅದು 45ರ ಆಸುಪಾಸು. ಅಂದು ಸಲೀಸಾಗಿ 40,000 ದಾಟುತ್ತಿದ್ದವನು ಇಂದು ಅದೇ ಪಿಂಚಣಿಯಲ್ಲಿ ಗೆರೆಯ ಕೆಳಗೆ.

ಅರ್ಜಿಯ ದಿನದ ಸಿದ್ಧತೆ ನೋಡುವಂಥದ್ದು. ಬ್ಯಾಂಕಿನ ಪತ್ರ ಹಳತಾಗಿರಬಾರದು, ಪಾಸ್‌ಬುಕ್‌ನಲ್ಲಿ ಅದೇ ದಿನದ ನಮೂದು ಇದ್ದರೆ ಒಳ್ಳೆಯದು. ಹಾಗಾಗಿ ಬೆಳಿಗ್ಗೆ ಬ್ಯಾಂಕ್ ತೆರೆದ ಕೂಡಲೇ ನೂರು ಬಾತ್ ಹಾಕಿ ಒಂದು ಸಾಲು ಮುದ್ರಿಸಿಕೊಂಡು ವಲಸೆ ಕಚೇರಿಗೆ ಓಡುವ ಬಿಳಿಯ ತಲೆಗೂದಲಿನ ಗಂಡಂದಿರು ಅಲ್ಲಿ ಸಾಮಾನ್ಯ. ಮನೆಗೆ ದಾರಿ ತೋರುವ ಕೈಬರಹದ ನಕ್ಷೆ ಕೊಡಬೇಕು. ಮನೆ ಸಂಖ್ಯೆ ಕಾಣುವಂತೆ ಗೇಟಿನ ಮುಂದೆ ದಂಪತಿ ನಿಂತ ಫೋಟೊ, ಹಜಾರದಲ್ಲಿ ಕೂತ ಫೋಟೊ, ಕೆಲವು ಕಚೇರಿಗಳಲ್ಲಿ ಮಲಗುವ ಕೋಣೆಯದೂ ಬೇಕು. ಪ್ರತಿ ಪುಟಕ್ಕೂ ಇಬ್ಬರ ಸಹಿ. ಆಂಫೋದಿಂದ ಹೊಸದಾಗಿ ತೆಗೆಸಿದ ‘ಕೊ ರೊ 2’ರ ಪ್ರತಿ, ಮದುವೆ ಇನ್ನೂ ಊರ್ಜಿತದಲ್ಲಿದೆ ಎನ್ನಲು. ಇಷ್ಟಾದರೂ ಅಂದೇ ವರ್ಷದ ಮೊಹರು ಬೀಳದು. ‘ಪರಿಶೀಲನೆಯಲ್ಲಿದೆ’ ಎಂಬ ತಿಂಗಳ ಮುದ್ರೆ ಬೀಳುತ್ತದೆ. ಆ ನಡುವೆ ಅಧಿಕಾರಿಗಳು ಮನೆಗೆ ಬಂದು ನೆರೆಯವರನ್ನು ವಿಚಾರಿಸುವುದೂ ಉಂಟು.

1979ರ ಥಾಯ್ ವಲಸೆ ಕಾಯ್ದೆಯ 38ನೇ ಸೆಕ್ಷನ್ನಿನಲ್ಲಿ ನಗು ತರಿಸುವ ಒಂದು ಅಂಶವಿದೆ. ಮನೆಯಲ್ಲಿ ವಿದೇಶಿಯೊಬ್ಬ ತಂಗಿದರೆ ಮನೆಯ ಯಜಮಾನರು 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಅದರ ಫಾರಂ ಟಿಎಂ30. ಪರದೇಶಿಗಳಿಗೆ ಅಲ್ಲಿ ಜಮೀನಿನ ಒಡೆತನವಿಲ್ಲವಾದ್ದರಿಂದ ಮನೆ ಹೆಚ್ಚಾಗಿ ಹೆಂಡತಿಯ ಹೆಸರಲ್ಲೇ ಇರುತ್ತದೆ. ಅಂದರೆ ಸ್ವಂತ ಗಂಡ ಮನೆಯಲ್ಲಿ ಮಲಗಿದ್ದಾನೆಂದು ಹೆಂಡತಿಯೇ ಪೊಲೀಸರಿಗೆ ವರದಿ ಕೊಡಬೇಕು! ಇದಲ್ಲದೆ 90 ದಿನಕ್ಕೊಮ್ಮೆ ತಾನು ಇಂಥಲ್ಲೇ ಇದ್ದೇನೆಂದು ಗಂಡ ಟಿಎಂ47 ತುಂಬಬೇಕು. ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಕಾಯಂ ವಾಸದ ಪರವಾನಗಿ ಇದೆ ನಿಜ, ಆದರೆ ಒಂದು ದೇಶದವರಿಗೆ ವರ್ಷಕ್ಕೆ ನೂರೇ. ಹೆಂಡತಿ ತೀರಿಕೊಂಡರೆ ಅಥವಾ ವಿಚ್ಛೇದನವಾದರೆ ವರ್ಷದ ವಿಸ್ತರಣೆಗೆ ಆಧಾರವೇ ಹೋಯಿತು.

ಇದೇ ಕಾನೂನು ಹೆಣ್ಣಿಗೆ ಬೇರೆ ಮುಖ ತೋರಿಸುತ್ತದೆ. ಥಾಯ್ ಗಂಡನನ್ನು ಮದುವೆಯಾದ ಬ್ರಿಟಿಷ್ ಮಹಿಳೆಗೆ 4 ಲಕ್ಷದ ಷರತ್ತು ಇಲ್ಲ. ಥಾಯ್ ಪೌರತ್ವದ ದಾರಿಯೂ ಆಕೆಗೆ ಗಂಡಸಿಗಿಂತ ಹತ್ತಿರದ್ದು. ಗಂಡ ಸಾಕುವವನು, ಹೆಂಡತಿ ಸಾಕಿಸಿಕೊಳ್ಳುವವಳು ಎಂಬ ಹಳೆಯ ಲೆಕ್ಕಾಚಾರ ವಲಸೆ ನಿಯಮದಲ್ಲಿ ಇನ್ನೂ ಹಾಗೇ ಕೂತಿದೆ.

ಬ್ರಿಟನ್ನಿನ ತಕ್ಕಡಿ

ಇನ್ನು ಥೇಮ್ಸ್ ದಡಕ್ಕೆ ಬರೋಣ. ಅತ್ತೆಮಾವನನ್ನು ನೋಡಲು ಹದಿನೈದು ದಿನ ಹೋಗಬೇಕೆಂದರೂ ಥಾಯ್ ಹೆಂಡತಿಗೆ ಭೇಟಿ ವೀಸಾ ಬೇಕು. 2025ರ ಏಪ್ರಿಲ್‌ನ ದರದಲ್ಲಿ ಆರು ತಿಂಗಳ ವೀಸಾಕ್ಕೆ 127 ಪೌಂಡ್ ಇತ್ತು. ಹಣಕ್ಕಿಂತ ದೊಡ್ಡದು ಅನುಮಾನ. ವಾಪಸು ಹೋಗುತ್ತಾಳೆ ಎಂಬ ನಂಬಿಕೆ ಅಧಿಕಾರಿಗೆ ಬರಬೇಕು, ಆದರೆ ಬ್ರಿಟಿಷ್ ಗಂಡ ಇರುವುದೇ ವಾಪಸು ಹೋಗದಿರಲು ಕಾರಣವಾಗಿ ಕಾಣಬಹುದು. ಆದ್ದರಿಂದ ನೌಕರಿಯ ರಜೆ ಪತ್ರ, ಜಮೀನಿನ ಹಕ್ಕುಪತ್ರ, ಮಗುವಿನ ಶಾಲೆಯ ದಾಖಲೆ ಎಲ್ಲ ಸೇರಿಸಿ ಕಡತ ದಪ್ಪ ಮಾಡುತ್ತಾರೆ. ತಿರಸ್ಕೃತವಾದರೆ ಮೇಲ್ಮನವಿ ಇಲ್ಲ. ಕುಟುಂಬ ಭೇಟಿಗಿದ್ದ ಆ ಹಕ್ಕನ್ನು 2013ರ ಜೂನ್‌ನಲ್ಲಿ ತೆಗೆದುಹಾಕಿದರು. ಭೇಟಿಗೆಂದು ಹೋಗಿ ಅಲ್ಲೇ ಕೂತು ಸಂಗಾತಿ ವೀಸಾಕ್ಕೆ ಬದಲಾಯಿಸಿಕೊಳ್ಳುವುದಕ್ಕೂ ಅವಕಾಶವಿಲ್ಲ.

ನೆಲೆಸಲು ಹೋಗುವುದಾದರೆ ತಕ್ಕಡಿಯಲ್ಲಿ ತೂಗುವುದು ಬ್ರಿಟಿಷ್ ಸಂಗಾತಿಯ ಸಂಬಳ. ಹಿಂದೆ ಬೇರೆ ನೆಪಗಳಿದ್ದವು. 1980ರ ದಶಕದಲ್ಲಿ ‘ಮದುವೆಯ ಮುಖ್ಯ ಉದ್ದೇಶ ಬ್ರಿಟನ್ ಪ್ರವೇಶ ಅಲ್ಲ’ ಎಂದು ವರನೇ ಸಾಬೀತುಪಡಿಸಬೇಕಿತ್ತು. ಅದರ ಬಿಸಿ ಹೆಚ್ಚು ತಟ್ಟಿದ್ದು ಭಾರತ ಉಪಖಂಡದ ಗಂಡುಗಳಿಗೆ. 1997ರಲ್ಲಿ ಅದನ್ನು ಕೈಬಿಟ್ಟರು. 2012ರ ಜುಲೈ 9ರಂದು ಹಣದ ಗೆರೆ ಬಂತು: ವರ್ಷಕ್ಕೆ 18,600 ಪೌಂಡ್. 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇದನ್ನು ತಾತ್ವಿಕವಾಗಿ ಎತ್ತಿಹಿಡಿಯಿತು. 2024ರ ಏಪ್ರಿಲ್ 11ರಂದು ಗೆರೆ 29,000ಕ್ಕೆ ಜಿಗಿಯಿತು. ಅದನ್ನು 38,700ಕ್ಕೆ ಒಯ್ಯುವ ಯೋಜನೆಯನ್ನು ಆಮೇಲೆ ಬಂದ ಲೇಬರ್ ಸರ್ಕಾರ ತಡೆಹಿಡಿದು, ಸಲಹಾ ಸಮಿತಿಗೆ ವಹಿಸಿತು. ಸಮಿತಿಯ ವರದಿ 2025ರ ಜೂನ್‌ನಲ್ಲಿ ಬಂತು. ಸಂಬಳವಿಲ್ಲದೆ ಉಳಿತಾಯದ ಮೇಲೆಯೇ ಹೋಗುವೆನೆಂದರೆ 29,000ದ ಲೆಕ್ಕಕ್ಕೆ 88,500 ಪೌಂಡ್ ಆರು ತಿಂಗಳಿಂದ ಕೈಯಲ್ಲಿರಬೇಕು. ನಮ್ಮಲ್ಲಿ ಅದು ಒಂದು ಕೋಟಿ ರೂಪಾಯಿಯ ಸುಮಾರು.

ನನಗೆ ಎಲ್ಲಕ್ಕಿಂತ ಅನ್ಯಾಯವೆನಿಸುವುದು ಇನ್ನೊಂದು. ಹೆಂಡತಿ ಬ್ಯಾಂಕಾಕ್‌ನಲ್ಲಿ ದಂತವೈದ್ಯೆಯಾಗಿ ಗಂಡನಿಗಿಂತ ಹೆಚ್ಚು ದುಡಿಯುತ್ತಿದ್ದರೂ ಮೊದಲ ಅರ್ಜಿಯಲ್ಲಿ ಆ ಸಂಬಳ ಲೆಕ್ಕಕ್ಕಿಲ್ಲ. ಥಾಯ್ಲೆಂಡಿನಲ್ಲಿ ಹತ್ತು ವರ್ಷ ಒಟ್ಟಿಗೆ ಬಾಳಿದ ಜೋಡಿ ಗಂಡನ ಊರಿಗೆ ಮರಳಬೇಕೆಂದರೆ ಗಂಡ ಮೊದಲು ಬ್ರಿಟನ್ನಿನಲ್ಲಿ ಕೆಲಸ ಗಿಟ್ಟಿಸಿಕೊಳ್ಳಬೇಕು. ಬಹಳ ಮಂದಿ ಗಂಡಂದಿರು ಒಬ್ಬರೇ ಹೋಗಿ, ಆರು ತಿಂಗಳ ಸಂಬಳದ ಚೀಟಿ ಜೋಡಿಸುವ ತನಕ ಮಕ್ಕಳನ್ನು ಫೋನಿನ ಪರದೆಯಲ್ಲೇ ನೋಡುತ್ತಾರೆ. ‘ಸ್ಕೈಪ್ ಕುಟುಂಬ’ ಎಂಬ ಮಾತು ಬ್ರಿಟನ್ನಿನಲ್ಲಿ ಹುಟ್ಟಿದ್ದೇ ಈ ನಿಯಮದಿಂದ.

ಹಣದ ಹಿಂದೆ ಮಿಕ್ಕವು ಬರುತ್ತವೆ. ಥಾಯ್ಲೆಂಡ್ ಕ್ಷಯರೋಗ ತಪಾಸಣೆಯ ಪಟ್ಟಿಯಲ್ಲಿರುವ ಕಾರಣ ಮಾನ್ಯತೆ ಪಡೆದ ಕ್ಲಿನಿಕ್ಕಿನ ಪ್ರಮಾಣಪತ್ರ ಬೇಕು, ಅದು ಆರು ತಿಂಗಳು ಮಾತ್ರ ಚಾಲ್ತಿ. ಮಾತನಾಡುವ, ಕೇಳಿಸಿಕೊಳ್ಳುವ ಇಂಗ್ಲಿಷ್ ಪರೀಕ್ಷೆ ಎ1 ಹಂತದ್ದು. ಸಂಬಂಧ ನಿಜವೆನ್ನಲು ಫೋಟೊ, ವಿಮಾನದ ಟಿಕೆಟ್, ವಾಟ್ಸ್ಆ್ಯಪ್ ಮಾತುಕತೆಯ ಮುದ್ರಿತ ಪುಟಗಳು. ಗಂಡಹೆಂಡಿರ ಜಗಳವೂ ಸಾಕ್ಷ್ಯವಾಗುವ ಜಾಗ ಇದೊಂದೇ ಇರಬೇಕು.

2025ರ ಏಪ್ರಿಲ್‌ನ ದರದಲ್ಲಿ ಮೊದಲ ಅರ್ಜಿಗೆ 1,938 ಪೌಂಡ್. ಜೊತೆಗೆ ಆರೋಗ್ಯ ಸೇವೆಯ ಹೆಚ್ಚುವರಿ ಶುಲ್ಕ ವರ್ಷಕ್ಕೆ 1,035ರಂತೆ ಮೂರು ವರ್ಷಕ್ಕೆ 3,105, ಅದೂ ಮುಂಗಡ. ಸಿಗುವುದು 33 ತಿಂಗಳು. ಆಮೇಲೆ ಎರಡೂವರೆ ವರ್ಷದ ವಿಸ್ತರಣೆಗೆ 1,321 ಮತ್ತು ಮತ್ತೆ ಆರೋಗ್ಯ ಶುಲ್ಕ 2,587. ಐದು ವರ್ಷ ತುಂಬಿದ ಮೇಲೆ ಕಾಯಂ ವಾಸಕ್ಕೆ 3,029, ಅದಕ್ಕೆ ಮುನ್ನ ಬಿ1 ಹಂತದ ಇಂಗ್ಲಿಷ್ ಮತ್ತು ಬ್ರಿಟನ್ನಿನ ಚರಿತ್ರೆ, ನಡೆನುಡಿ ಕುರಿತ ‘ಲೈಫ್ ಇನ್ ದ ಯುಕೆ’ ಪರೀಕ್ಷೆ. ಒಟ್ಟು ಸುಮಾರು 12,000 ಪೌಂಡ್, ವಕೀಲರ ಹಣ ಬೇರೆ. ಆದರೆ ಅಲ್ಲಿಗೆ ಮುಗಿಯಿತು. ಬ್ರಿಟಿಷ್ ಪ್ರಜೆಯ ಸಂಗಾತಿಯಾದ್ದರಿಂದ ಕಾಯಂ ವಾಸ ಸಿಕ್ಕ ಕೂಡಲೇ ಪೌರತ್ವಕ್ಕೂ ಅರ್ಜಿ ಹಾಕಬಹುದು. ನಂತರ ಮದುವೆ ಮುರಿದುಬಿದ್ದರೂ ಆಕೆಯ ನೆಲೆ ಹೋಗದು. ಥಾಯ್ಲೆಂಡಿನಲ್ಲಿರುವ ಬ್ರಿಟಿಷ್ ಗಂಡನಿಗೆ ಈ ಭಾಗ್ಯವಿಲ್ಲ.

ಭಾರತೀಯನ ಹೆಸರಿನ ದಾರಿ

ಸಂಬಳದ ಈ ಗೆರೆಯನ್ನು ಬಳಸಿಕೊಂಡು ಹೋಗಲು ಒಂದು ಕಾಲದಲ್ಲಿ ಸುತ್ತುದಾರಿಯಿತ್ತು, ಅದಕ್ಕೆ ಭಾರತೀಯನೊಬ್ಬನ ಹೆಸರು. ಸುರಿಂದರ್ ಸಿಂಗ್ ಎಂಬ ಭಾರತದ ಪ್ರಜೆ 1982ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಬ್ರಿಟಿಷ್ ಮಹಿಳೆಯನ್ನು ಮದುವೆಯಾದ. ಇಬ್ಬರೂ 1983ರಿಂದ 1985ರವರೆಗೆ ಜರ್ಮನಿಯಲ್ಲಿ ದುಡಿದು, ವ್ಯಾಪಾರ ನಡೆಸಲು ಬ್ರಿಟನ್ನಿಗೆ ಮರಳಿದರು. ಮುಂದೆ ದಾಂಪತ್ಯ ಹಳಸಿ, ಬ್ರಿಟನ್ ಅವನನ್ನು ಹೊರಹಾಕಲು ಹೊರಟಾಗ ಪ್ರಕರಣ ಯುರೋಪಿನ ನ್ಯಾಯಾಲಯ ತಲುಪಿತು. 1992ರ ಜುಲೈ 7ರ ತೀರ್ಪು ಹೇಳಿದ್ದಿಷ್ಟು: ಇನ್ನೊಂದು ಯುರೋಪಿಯನ್ ದೇಶದಲ್ಲಿ ದುಡಿದು ತವರಿಗೆ ಮರಳುವ ಪ್ರಜೆ ಯುರೋಪಿನ ಹಕ್ಕುಗಳ ಜೊತೆಗೇ ಮರಳುತ್ತಾಳೆ, ಸಂಗಾತಿಯೂ ಆ ಹಕ್ಕಿನಡಿ ಬರಬಹುದು. 2012ರ ಬಳಿಕ 18,600 ಮುಟ್ಟಲಾಗದ ಜೋಡಿಗಳು, ಥಾಯ್ ಹೆಂಡತಿಯರನ್ನು ಮದುವೆಯಾದವರೂ ಸೇರಿ, ಡಬ್ಲಿನ್ನಿಗೋ ಜರ್ಮನಿಗೋ ಹೋಗಿ ಬಾಡಿಗೆ ಮನೆ ಹಿಡಿದು, ಕೆಲವು ತಿಂಗಳು ದುಡಿದು, ಈ ದಾರಿಯಲ್ಲಿ ಊರು ಸೇರಿದರು. ಬ್ರೆಕ್ಸಿಟ್ ಅದನ್ನು ಮುಚ್ಚಿತು. ಹಳಬರಿಗೆ ಕೊಟ್ಟ ಕೊನೆಯ ಗಡುವು 2022ರ ಮಾರ್ಚ್ 29.

ಬ್ರೆಕ್ಸಿಟ್ ಪ್ರವಾಸವನ್ನೂ ಕೆಡಿಸಿತು. ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿದ್ದಾಗ ಬ್ರಿಟಿಷ್ ಗಂಡನ ಜೊತೆ ಪ್ಯಾರಿಸ್‌ಗೆ ಹೊರಟ ಥಾಯ್ ಹೆಂಡತಿಗೆ 2004ರ ಯುರೋಪಿಯನ್ ನಿರ್ದೇಶನದಂತೆ ವೀಸಾ ಉಚಿತ, ಬೇಗನೆ ಕೊಡಬೇಕಿತ್ತು, ಹೋಟೆಲ್ ಬುಕಿಂಗ್ ಕೇಳುವಂತಿರಲಿಲ್ಲ. 2021ರಿಂದ ಆಕೆ ಎಲ್ಲರಂತೆ ಪೂರ್ತಿ ಶೆಂಗೆನ್ ಕಡತ ಹೊರಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೊ. ಗಂಡನೂ ಈಗ ಹೊರಗಿನವನೇ. 180 ದಿನದಲ್ಲಿ 90 ದಿನದ ಮಿತಿ, 2025ರ ಅಕ್ಟೋಬರ್‌ನಲ್ಲಿ ಶುರುವಾದ ಬೆರಳಚ್ಚಿನ ವ್ಯವಸ್ಥೆ ಅವನಿಗೂ ಅನ್ವಯ. ಕೊನೆಗೂ ಇಬ್ಬರೂ ಒಂದೇ ಸಾಲಿಗೆ ಬಂದರು, ಉದ್ದನೆಯ ಸಾಲಿಗೆ.

ಐರ್ಲೆಂಡಿನದು ಇನ್ನೂ ವಿಚಿತ್ರ. ಉತ್ತರ ಐರ್ಲೆಂಡ್ ಮತ್ತು ಗಣರಾಜ್ಯದ ನಡುವಿನ ಗಡಿಯಲ್ಲಿ ಚೌಕಿಯೇ ಇಲ್ಲ. ಬೆಲ್‌ಫಾಸ್ಟ್‌ನಿಂದ ಹೊರಟ ಕಾರು ಯಾವಾಗ ದೇಶ ದಾಟಿತೆಂದು ಗೊತ್ತಾಗುವುದು ವೇಗಮಿತಿಯ ಫಲಕ ಮೈಲಿಯಿಂದ ಕಿಲೋಮೀಟರಿಗೆ ಬದಲಾದಾಗ. ಆದರೂ ಕಾರಿನಲ್ಲಿರುವ ಥಾಯ್ ಹೆಂಡತಿಗೆ ಸಾಮಾನ್ಯವಾಗಿ ಐರಿಷ್ ವೀಸಾ ಬೇಕು. ಒಂದೇ ಭೇಟಿ ವೀಸಾದಲ್ಲಿ ಎರಡೂ ದೇಶ ಸುತ್ತುವ ಯೋಜನೆ 2014ರಲ್ಲಿ ಬಂತು, ಆದರೆ ಅದು ಚೀನೀಯರಿಗೆ ಮತ್ತು ಭಾರತೀಯರಿಗೆ ಮಾತ್ರ. ನಮ್ಮ ಪಾಸ್‌ಪೋರ್ಟ್ ಥಾಯ್ ಪಾಸ್‌ಪೋರ್ಟಿಗಿಂತ ಮೇಲಾದ ಅಪರೂಪದ ಉದಾಹರಣೆ.

ಈ ಮನೆಗಳಲ್ಲಿ ಎರಡೂ ಕಡೆ ಸಲ್ಲುವವರೆಂದರೆ ಮಕ್ಕಳು. ತಾಯಿಯಿಂದ ಥಾಯ್, ತಂದೆಯಿಂದ ಬ್ರಿಟಿಷ್. ಬ್ಯಾಂಕಾಕ್ ಬಿಡುವಾಗ ಥಾಯ್ ಪಾಸ್‌ಪೋರ್ಟ್, ಲಂಡನ್ನಿನಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್. 2026ರ ಫೆಬ್ರುವರಿ 25ರಿಂದ ಇಂಥ ಮಕ್ಕಳನ್ನು ಬ್ರಿಟಿಷ್ ಪಾಸ್‌ಪೋರ್ಟ್ ಅಥವಾ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕಿನ ಪ್ರಮಾಣಪತ್ರ ಇಲ್ಲದೆ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳದಿರಬಹುದು. ‘ಆಮೇಲೆ ಮಾಡಿಸಿದರಾಯಿತು’ ಎಂದು ಬಿಟ್ಟವರಿಗೆ ತೊಂದರೆ ತಪ್ಪದು.

ಪರರ ಗಡಿಯ ಬಗ್ಗೆ ಇಷ್ಟು ಹೇಳಿದ ಮೇಲೆ ನಮ್ಮದನ್ನೂ ಹೇಳಬೇಕು. ಭಾರತೀಯರನ್ನು ಮದುವೆಯಾದ ವಿದೇಶಿ ಸಂಗಾತಿ ಓಸಿಐ ಕಾರ್ಡಿಗೆ ಅರ್ಜಿ ಹಾಕಲು ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿರಬೇಕು. ಮದುವೆ ಮುರಿದರೆ ಕಾರ್ಡೂ ರದ್ದಾಗಬಹುದು. ಇನ್ನು ಬ್ರಿಟಿಷ್ ಪೌರತ್ವ ಪಡೆದು ಅಲ್ಲೇ ನೆಲೆಸಿದ ಕನ್ನಡಿಗರು ಹಾಸನದಿಂದಲೋ ಧಾರವಾಡದಿಂದಲೋ ಸಂಗಾತಿಯನ್ನು ಕರೆದೊಯ್ಯಲು ಇದೇ 29,000ದ ಗೆರೆ, ಇದೇ ಕ್ಷಯ ತಪಾಸಣೆ. ಇಂಗ್ಲಿಷ್ ಮಾಧ್ಯಮದ ಪದವಿಗೆ ಮಾನ್ಯತೆಯ ಪತ್ರ ತಂದರೆ ಭಾಷಾ ಪರೀಕ್ಷೆ ತಪ್ಪುತ್ತದೆ, ಅಷ್ಟೇ ಸಮಾಧಾನ. ಅಂಥ ಸಂಬಂಧ ಮಾತಾಡುತ್ತಿರುವವರು ಛತ್ರ ಗೊತ್ತುಮಾಡುವ ಮೊದಲೇ ವಧೂವರರ ಹೆಸರು, ಜನ್ಮದಿನ ಪಾಸ್‌ಪೋರ್ಟ್ ಮತ್ತು ನೋಂದಣಿ ಪತ್ರಗಳಲ್ಲಿ ಅಕ್ಷರಶಃ ಒಂದೇ ಇರುವಂತೆ ನೋಡಿಕೊಳ್ಳಿ. ಬ್ರಿಟನ್ನಿನ ಶುಲ್ಕಗಳು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಏರುತ್ತವೆ. ಏಜೆಂಟರ ಕೈಗೆ ಹಣ ಕೊಡುವ ಮುನ್ನ ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಆ ದಿನದ ದರ ಎಷ್ಟೆಂದು ನೀವೇ ಒಮ್ಮೆ ನೋಡಿ.